ವೈರಸ್ ಒಂದು ದಾರಿ ಹಿಡಿಯಿತು, ಸಾಲದ ಭಯ ಇನ್ನೊಂದು

2020ರ ಮಾರ್ಚ್ 18ರ ರಾತ್ರಿ. ಇಟಲಿಯ ಬೆರ್ಗಮೊ ಪಟ್ಟಣದಲ್ಲಿ ಚಿತಾಗಾರ ಹಗಲಿರುಳು ಉರಿದರೂ ಸಾಕಾಗುತ್ತಿರಲಿಲ್ಲ. ಶವಪೆಟ್ಟಿಗೆಗಳನ್ನು ಬೇರೆ ಊರುಗಳಿಗೆ ಸಾಗಿಸಲು ಸೇನೆಯ ಟ್ರಕ್ಕುಗಳು ಸಾಲುಗಟ್ಟಿ ಹೊರಟವು. ಆ ಫೋಟೊ ನಿಮಗೂ ನೆನಪಿರಬಹುದು. ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿತ್ತು.

ಅದೇ ರಾತ್ರಿ, ಹನ್ನೆರಡು ಹೊಡೆಯುವ ಸ್ವಲ್ಪ ಮುಂಚೆ, ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಒಂದು ಪ್ರಕಟಣೆ ಹೊರಟಿತು. ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಅಂದರೆ ಯುರೋ ಬಳಸುವ ದೇಶಗಳಿಗೆ ನಮ್ಮ ಆರ್‌ಬಿಐ ಇದ್ದ ಹಾಗೆ, 75,000 ಕೋಟಿ ಯುರೋ ಮೌಲ್ಯದ ಬಾಂಡ್‌ಗಳನ್ನು ಕೊಳ್ಳುತ್ತದೆ ಅಂತ. ಆ ಹೊತ್ತಿನಲ್ಲಿ ಇದು ಬಹಳ ಜನರ ಗಮನಕ್ಕೆ ಬರಲಿಲ್ಲ. ಟ್ರಕ್ಕುಗಳ ಫೋಟೊ ನೋಡಿದವರು ಬಾಂಡ್ ಸುದ್ದಿ ಯಾಕೆ ಓದುತ್ತಾರೆ? ಆದರೆ ಆ ವಾರ ಇಟಲಿಯಲ್ಲಿ ಎರಡು ಬಗೆಯ ಸೋಂಕು ಇತ್ತು. ಒಂದು ಜನರ ಶ್ವಾಸಕೋಶಕ್ಕೆ ತಗುಲಿತ್ತು. ಇನ್ನೊಂದು ಸರ್ಕಾರದ ಸಾಲಪತ್ರಕ್ಕೆ.

ಎರಡನೆಯದು ಹೇಗೆ ಹರಡುತ್ತದೆ ಅನ್ನುವುದನ್ನು ನೋಡೋಣ. ಮೊದಲೇ ಹೇಳಿಬಿಡುತ್ತೇನೆ, ಅದು ವೈರಸ್ಸಿನ ಹಿಂದೆ ಹೋಗುವುದಿಲ್ಲ. ಸಾಲ ಕೊಟ್ಟವರ ಹಿಂದೆ ಹೋಗುತ್ತದೆ.

ಇದಕ್ಕೆ ಗ್ರೀಸ್ ಒಳ್ಳೆಯ ಸಾಕ್ಷಿ. ಅದೇ ಮಾರ್ಚ್ 18ಕ್ಕೆ ಗ್ರೀಸ್‌ನಲ್ಲಿ ಕೊರೊನಾದಿಂದ ಸತ್ತವರು ಬೆರಳೆಣಿಕೆಯಷ್ಟು ಮಂದಿ. ಆದರೆ ಗ್ರೀಸ್ ಸರ್ಕಾರದ ಹತ್ತು ವರ್ಷದ ಬಾಂಡ್ ಮೇಲಿನ ಬಡ್ಡಿ ಫೆಬ್ರವರಿಯಲ್ಲಿ ಶೇ 1ರ ಹತ್ತಿರ ಇದ್ದದ್ದು ಆ ದಿನ ಶೇ 4ರ ಸುತ್ತಮುತ್ತ ಹೋಗಿತ್ತು. ಕಾಯಿಲೆ ಇನ್ನೂ ಬಾಗಿಲಿಗೆ ಬಂದಿರಲಿಲ್ಲ, ಸಾಲದ ಭಯ ಆಗಲೇ ನಡುಮನೆಯಲ್ಲಿ ಕೂತಿತ್ತು. ಗ್ರೀಸ್ ಹತ್ತು ವರ್ಷ ಹಿಂದೆ ಹೇಗೆ ಮುಗ್ಗರಿಸಿತ್ತು ಅನ್ನುವುದು ಸಾಲ ಕೊಟ್ಟವರಿಗೆ ನೆನಪಿತ್ತು, ಅಷ್ಟೇ.

ಇಲ್ಲಿ ಬಡ್ಡಿ ಏರುವುದು ಅಂದರೆ ಏನು ಅಂತ ಒಂದು ಮಾತು. ಸರ್ಕಾರ ಬಾಂಡ್ ಕೊಟ್ಟು ಸಾಲ ಎತ್ತುತ್ತದೆ. ಆ ಬಾಂಡ್ ಕೈಯಿಂದ ಕೈಗೆ ಮಾರಾಟ ಆಗುತ್ತಾ ಇರುತ್ತದೆ. ಎಲ್ಲರೂ ಒಟ್ಟಿಗೆ ಮಾರಲು ನಿಂತರೆ ಬೆಲೆ ಬೀಳುತ್ತದೆ. ನೂರು ರೂಪಾಯಿಯ ಬಾಂಡ್ ಎಂಬತ್ತಕ್ಕೆ ಸಿಕ್ಕರೆ, ಕೊಂಡವನಿಗೆ ಅದೇ ಬಡ್ಡಿ ಜಾಸ್ತಿ ಲಾಭ ತರುತ್ತದೆ. ಹಾಗಾಗಿ ಸರ್ಕಾರ ನಾಳೆ ಹೊಸ ಸಾಲ ಕೇಳಿದಾಗ, ಆ ಜಾಸ್ತಿ ಬಡ್ಡಿಯನ್ನೇ ಕೊಡಬೇಕು. ಬಾಂಡ್ ಬೆಲೆ ಇಳಿಯುವುದು, ಬಡ್ಡಿ ಏರುವುದು ಎರಡೂ ಒಂದೇ ನಾಣ್ಯ.

ಭಯ ಅಳೆಯಲು ಇನ್ನೊಂದು ಥರ್ಮಾಮೀಟರ್ ಇದೆ, ಸಿಡಿಎಸ್ ಅಂತಾರೆ. ಸಾಲಕ್ಕೆ ಮಾಡಿಸುವ ವಿಮೆ ಅದು. ಒಂದು ದೇಶದ ಸಿಡಿಎಸ್ 200 ಪಾಯಿಂಟ್ ಅಂದರೆ, ಆ ದೇಶಕ್ಕೆ ಕೊಟ್ಟ ಪ್ರತಿ 100 ಡಾಲರ್ ಸಾಲಕ್ಕೆ ವರ್ಷಕ್ಕೆ 2 ಡಾಲರ್ ಕಂತು ಕಟ್ಟಬೇಕು. ದೇಶ ದಿವಾಳಿ ಎದ್ದರೆ ವಿಮೆ ಕೊಟ್ಟವರು ನಷ್ಟ ತುಂಬಿಕೊಡುತ್ತಾರೆ. ತಮಾಷೆ ಏನೆಂದರೆ, ಒಂದು ಕಾಲದಲ್ಲಿ ಸಾಲವನ್ನೇ ಕೊಡದವರೂ ಈ ವಿಮೆ ಕೊಳ್ಳಬಹುದಿತ್ತು. ಪಕ್ಕದ ಮನೆ ಸುಟ್ಟುಹೋಗಲಿ ಅಂತ ಕಾದು, ಆ ಮನೆಗೆ ನಾವು ವಿಮೆ ಮಾಡಿಸಿದ ಹಾಗೆ! ಯುರೋಪಿಯನ್ ಒಕ್ಕೂಟ ತನ್ನ ದೇಶಗಳ ಸಾಲದ ಮಟ್ಟಿಗೆ ಇದನ್ನು 2012ರ ನವೆಂಬರ್‌ನಲ್ಲಿ ನಿಲ್ಲಿಸಿತು.

ಈಗ ಹರಡುವ ದಾರಿಗೆ ಬರೋಣ.

ಊರಲ್ಲಿ ಒಬ್ಬ ಕಿರಾಣಿ ಅಂಗಡಿಯವರು ಇದ್ದಾರೆ ಅಂದುಕೊಳ್ಳಿ. ಹತ್ತು ಮನೆಗೆ ಉದ್ರಿ ಕೊಟ್ಟಿದ್ದಾರೆ. ಒಂದು ಮನೆಯಲ್ಲಿ ಯಜಮಾನರಿಗೆ ಕಾಯಿಲೆ, ಸಂಬಳ ನಿಂತಿತು, ಬಾಕಿ ಬರಲಿಲ್ಲ. ಇತ್ತ ಹೋಲ್‌ಸೇಲ್‌ನವರು ಅಂಗಡಿಯವರ ಕತ್ತಿನ ಮೇಲೆ ಕೂತಿದ್ದಾರೆ. ಅಂಗಡಿಯವರು ಏನು ಮಾಡುತ್ತಾರೆ? ಉಳಿದ ಒಂಬತ್ತು ಮನೆಗೆ ಹೋಗಿ ಬಾಕಿ ಕೇಳುತ್ತಾರೆ. ಅವರಲ್ಲಿ ಯಾರೂ ತಪ್ಪು ಮಾಡಿಲ್ಲ, ಯಾರಿಗೂ ಜ್ವರವೂ ಇಲ್ಲ. ಆದರೂ ತಿಂಗಳ ಮಧ್ಯದಲ್ಲಿ ಎಲ್ಲರೂ ದುಡ್ಡು ಹೊಂದಿಸಬೇಕು. ಕೊಡುವ ಶಕ್ತಿ ಇರುವ ಮನೆಗೇ ಮೊದಲು ಹೋಗುತ್ತಾರೆ, ಅದು ಇನ್ನೂ ಅನ್ಯಾಯ.

2020ರ ಮಾರ್ಚ್‌ನಲ್ಲಿ ಇದೇ ಆಯಿತು, ಲೆಕ್ಕ ಮಾತ್ರ ದೊಡ್ಡದು. ಲಂಡನ್, ನ್ಯೂಯಾರ್ಕ್‌ನ ಫಂಡ್‌ಗಳು ಬ್ರೆಜಿಲ್, ದಕ್ಷಿಣ ಆಫ್ರಿಕಾ, ಶ್ರೀಲಂಕಾ, ಭಾರತ ಎಲ್ಲ ಕಡೆ ದುಡ್ಡು ಹಾಕಿದ್ದವು. ಆ ಫಂಡ್‌ಗಳಲ್ಲಿ ದುಡ್ಡು ಇಟ್ಟವರು ಗಾಬರಿಯಿಂದ ವಾಪಸ್ ಕೇಳಿದರು. ಫಂಡ್‌ನವರು ಯಾವುದು ಬೇಗ ಮಾರಾಟ ಆಗುತ್ತೋ ಅದನ್ನು ಮಾರಿದರು. ಆ ಒಂದೇ ತಿಂಗಳಲ್ಲಿ ಅಭಿವೃದ್ಧಿಶೀಲ ದೇಶಗಳ ಷೇರು ಮತ್ತು ಬಾಂಡ್‌ಗಳಿಂದ ಸುಮಾರು 8,300 ಕೋಟಿ ಡಾಲರ್ ವಿದೇಶಿ ಹಣ ಹೊರಬಿತ್ತು. ಭಾರತದಿಂದ ಹೋದದ್ದೇ ಸುಮಾರು 1.18 ಲಕ್ಷ ಕೋಟಿ ರೂಪಾಯಿ. ಮಾರ್ಚ್ ಮೊದಲ ವಾರಗಳಲ್ಲಿ ನಮ್ಮಲ್ಲಿ ಇದ್ದ ಕೊರೊನಾ ಪ್ರಕರಣ ಎಷ್ಟು? ನೂರರ ಲೆಕ್ಕ. ದುಡ್ಡು ಹೊರಟದ್ದಕ್ಕೂ ಇಲ್ಲಿನ ಜ್ವರಕ್ಕೂ ಅಂಥ ಸಂಬಂಧವೇನೂ ಇರಲಿಲ್ಲ.

ದುಡ್ಡು ಹೊರಟರೆ ನಮ್ಮ ರೂಪಾಯಿ, ಬ್ರೆಜಿಲ್‌ನ ರಿಯಾಲ್, ಆಫ್ರಿಕಾದ ಜಾಂಬಿಯಾ ದೇಶದ ಕ್ವಾಚಾ ಎಲ್ಲ ಇಳಿಯುತ್ತವೆ. ಡಾಲರ್‌ನಲ್ಲಿ ಸಾಲ ಮಾಡಿದ ದೇಶಕ್ಕೆ ಇದು ದೊಡ್ಡ ಏಟು. ಒಂದು ಡಾಲರ್ ಹೊಸ ಸಾಲ ಮಾಡದೆಯೂ ಸಾಲ ಬೆಳೆಯುತ್ತದೆ. ಜಾಂಬಿಯಾದ ಕ್ವಾಚಾ 2020ರ ಶುರುವಿನಲ್ಲಿ ಡಾಲರ್‌ಗೆ 14 ಇತ್ತು, ವರ್ಷದ ಕೊನೆಗೆ 21. ನಿನ್ನೆ 14 ಕ್ವಾಚಾ ತೆರಿಗೆ ಎತ್ತಿ ತೀರಿಸುತ್ತಿದ್ದ ಒಂದು ಡಾಲರ್‌ಗೆ ಇವತ್ತು 21 ಎತ್ತಬೇಕು. ಅದೂ ಅಂಗಡಿ ಮುಂಗಟ್ಟು ಮುಚ್ಚಿ ತೆರಿಗೆಯೇ ಬರದ ವರ್ಷದಲ್ಲಿ.

ಮೂರನೆಯ ದಾರಿ ಹೋಲಿಕೆ. ಒಂದು ಕೋ-ಆಪರೇಟಿವ್ ಸೊಸೈಟಿ ಬಾಗಿಲು ಹಾಕಿದರೆ ಮಾರನೇ ದಿನ ಪಕ್ಕದ ಬೀದಿಯ ಸೊಸೈಟಿ ಮುಂದೆ ಪಾಸ್‌ಬುಕ್ ಹಿಡಿದ ಜನ ನಿಂತಿರುತ್ತಾರೆ, ನೋಡಿದ್ದೀರಿ ಅಲ್ವಾ? ಎರಡಕ್ಕೂ ವ್ಯವಹಾರ ಇರಬೇಕಿಲ್ಲ. ಬೋರ್ಡ್ ಒಂದೇ ಥರ ಇದ್ದರೆ ಸಾಕು. ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ಸಾಲ ಕಟ್ಟಲಾಗದೆ ಕೈಚೆಲ್ಲಿದ ಮೇಲೆ ಮಾರುಕಟ್ಟೆ ಕೇಳಿದ ಮೊದಲ ಪ್ರಶ್ನೆ, ಮುಂದಿನವರು ಯಾರು? ಅದೇ ಜುಲೈನಲ್ಲಿ ಪಾಕಿಸ್ತಾನದ ಡಾಲರ್ ಬಾಂಡ್‌ಗಳು ಕುಸಿದವು. ಎರಡೂ ದೇಶಗಳಿಗೆ ಅವುಗಳದ್ದೇ ರೋಗಗಳಿದ್ದವು ನಿಜ. ಆದರೆ ಹಳೇ ರೋಗವನ್ನು ಎಲ್ಲರೂ ಒಂದೇ ದಿನ ಗಮನಿಸುವಂತೆ ಮಾಡಿದ್ದು ಪಕ್ಕದ ಮನೆಯ ಸಾವು.

ಹಾಗಾದರೆ ಇಟಲಿ ಯಾಕೆ ಉಳಿಯಿತು?

ಲೆಕ್ಕ ನೋಡಿದರೆ ಉಳಿಯಬಾರದಿತ್ತು. ದೇಶದ ಒಟ್ಟು ಉತ್ಪನ್ನದ ಶೇ 134ರಷ್ಟು ಸಾಲ ಕೊರೊನಾಗೆ ಮುಂಚೆಯೇ ಇತ್ತು, 2020ರ ಕೊನೆಗೆ ಅದು ಶೇ 155ರ ಹತ್ತಿರ. ಜೊತೆಗೆ ಇಟಲಿಯ ಬ್ಯಾಂಕುಗಳ ತಿಜೋರಿಯಲ್ಲಿ ಇಟಲಿ ಸರ್ಕಾರದ್ದೇ ಬಾಂಡ್‌ಗಳು ತುಂಬಿವೆ. ಬಾಂಡ್ ಬೆಲೆ ಬಿದ್ದರೆ ಬ್ಯಾಂಕಿಗೆ ಏಟು. ಬ್ಯಾಂಕ್ ಬಿದ್ದರೆ ಅದನ್ನು ಎತ್ತಬೇಕಾದದ್ದು ಅದೇ ಸರ್ಕಾರ. ಮುಳುಗುವವರಿಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡ ಹಾಗೆ.

ಮಾರ್ಚ್ 12ರಂದು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಅಧ್ಯಕ್ಷೆ ಕ್ರಿಸ್ಟೀನ್ ಲಗಾರ್ಡ್ ಪತ್ರಿಕಾಗೋಷ್ಠಿಯಲ್ಲಿ ಒಂದು ಮಾತು ಆಡಿಬಿಟ್ಟರು. ದೇಶ ದೇಶಗಳ ಬಡ್ಡಿಯ ನಡುವಿನ ಅಂತರ, ಅಂದರೆ ಸ್ಪ್ರೆಡ್, ಕಡಿಮೆ ಮಾಡಲು ನಾವು ಇಲ್ಲಿ ಕೂತಿಲ್ಲ ಅನ್ನುವ ಅರ್ಥದ ಮಾತು. ಮಿಲಾನ್ ಷೇರುಪೇಟೆ ಆ ಒಂದು ದಿನವೇ ಸುಮಾರು ಶೇ 17 ಕುಸಿಯಿತು. ಅದರ ಇತಿಹಾಸದಲ್ಲೇ ಅತಿ ದೊಡ್ಡ ಕುಸಿತ. ಅವರು ಕೆಲವೇ ಗಂಟೆಗಳಲ್ಲಿ ಮಾತು ತಿದ್ದಿಕೊಂಡರು, ಆದರೆ ಆದದ್ದು ಆಗಿತ್ತು. ಫೆಬ್ರವರಿಯಲ್ಲಿ ಶೇ 1ರ ಆಸುಪಾಸು ಇದ್ದ ಇಟಲಿಯ ಬಡ್ಡಿ, ಮಾರ್ಚ್ 18ರ ವಹಿವಾಟಿನ ನಡುವೆ ಶೇ 3ರ ಹತ್ತಿರ ಮುಟ್ಟಿತ್ತು. ಒಂದು ವಾಕ್ಯಕ್ಕೆ ಇಷ್ಟು ಬೆಲೆ ಯಾಕೆ? ಅದು ಹಿಂದೆ ನಿಂತವರು ಯಾರು ಅನ್ನುವ ಪ್ರಶ್ನೆಗೆ ಉತ್ತರವಾಗಿತ್ತು. ಯಾರೂ ಇಲ್ಲ ಅನ್ನುವ ಉತ್ತರ.

ಆಮೇಲೆ ಬಂದದ್ದೇ ಆ ನಡುರಾತ್ರಿಯ 75,000 ಕೋಟಿ ಯುರೋ. ಇದರಲ್ಲಿ ಒಂದು ವಿಶೇಷ ಇತ್ತು. ಹಳೇ ಬಾಂಡ್ ಖರೀದಿಯಲ್ಲಿ ಗ್ರೀಸ್‌ಗೆ ಜಾಗ ಇರಲಿಲ್ಲ, ಅದರ ರೇಟಿಂಗ್, ಅಂದರೆ ಸಾಲ ತೀರಿಸುವ ಯೋಗ್ಯತೆಗೆ ಸಿಗುವ ಅಂಕ, ಅಷ್ಟು ಕೆಳಗಿತ್ತು. ಈ ಸಲ ನಿಯಮ ಸಡಿಲಿಸಿ ಅದನ್ನೂ ಸೇರಿಸಿಕೊಂಡರು. ಮಾರನೇ ದಿನವೇ ಇಟಲಿ, ಗ್ರೀಸ್ ಎರಡರ ಬಡ್ಡಿಯೂ ಜರ್ರನೆ ಇಳಿಯಿತು. ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನಾಯಕರು ನಾಲ್ಕು ದಿನ ಜಗಳಾಡಿ, ಇನ್ನೂ 75,000 ಕೋಟಿ ಯುರೋ ಒಟ್ಟಾಗಿ ಸಾಲ ಎತ್ತಲು ಒಪ್ಪಿದರು. ಜರ್ಮನಿಯ ಹೆಸರಿನ ಬಲದಲ್ಲಿ ಇಟಲಿಗೂ ಅಗ್ಗದ ದುಡ್ಡು. ಅತಿ ದೊಡ್ಡ ಪಾಲು ಇಟಲಿಗೇ ಹೋಯಿತು.

ಇಟಲಿಯ ಸಾಲ ತೀರಲಿಲ್ಲ, ಇನ್ನೂ ಬೆಳೆಯಿತು. ಕಡಿಮೆ ಆದದ್ದು ಭಯ.

ಈಗ ಜಾಂಬಿಯಾಗೆ ಹೋಗೋಣ. ತಾಮ್ರ ಅಗೆದು ಮಾರಿ ಬದುಕುವ ದೇಶ. 2012, 2014, 2015 ಮೂರು ಸಲ ಡಾಲರ್ ಬಾಂಡ್ ಮಾರಿ ಒಟ್ಟು 300 ಕೋಟಿ ಡಾಲರ್ ಎತ್ತಿತ್ತು. ಚೀನಾದ ಸಾಲ ಬೇರೆ. ಕೊರೊನಾಗೆ ಮುಂಚೆಯೇ ಉಬ್ಬಸ ಇತ್ತು, ಮುಚ್ಚಿಡುವುದು ಬೇಡ. 2020ರ ಅಕ್ಟೋಬರ್‌ನಲ್ಲಿ 4.25 ಕೋಟಿ ಡಾಲರ್ ಬಡ್ಡಿಯ ಕಂತು ಕಟ್ಟಬೇಕಿತ್ತು. ದೇಶದ ಲೆಕ್ಕದಲ್ಲಿ ಅದೇನು ಭಾರಿ ಮೊತ್ತವಲ್ಲ. ಆರು ತಿಂಗಳು ಕೊಡಿ ಅಂತ ಬಾಂಡ್‌ದಾರರನ್ನು ಕೇಳಿತು. ಅವರು ಒಪ್ಪಲಿಲ್ಲ. ಅವರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾವು ಬಿಟ್ಟುಕೊಟ್ಟ ದುಡ್ಡು ಚೀನಾದ ಬ್ಯಾಂಕುಗಳಿಗೆ ಹೋಗುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ, ಆ ಸಾಲದ ಲೆಕ್ಕವನ್ನೇ ನೀವು ತೋರಿಸುತ್ತಿಲ್ಲವಲ್ಲ ಅಂದರು. ನವೆಂಬರ್ 13ಕ್ಕೆ ವಾಯಿದೆ ಮುಗಿಯಿತು. ಕೊರೊನಾ ಕಾಲದಲ್ಲಿ ದಿವಾಳಿ ಎದ್ದ ಮೊದಲ ಆಫ್ರಿಕನ್ ದೇಶ ಅನ್ನುವ ಹೆಸರು ಜಾಂಬಿಯಾಗೆ ಬಂತು. ಆ ವರ್ಷ ಅಲ್ಲಿ ಕೊರೊನಾದಿಂದ ಸತ್ತವರೆಂದು ದಾಖಲಾದವರು ಕೆಲವೇ ನೂರು ಮಂದಿ.

ಬೆರ್ಗಮೊದ ಟ್ರಕ್ಕುಗಳು ಹೊರಟ ರಾತ್ರಿಯೇ ಇಟಲಿಗೆ ಮದ್ದು ಸಿಕ್ಕಿತು. ಜಾಂಬಿಯಾ ತನ್ನ ಬಾಂಡ್‌ದಾರರ ಜೊತೆ ವ್ಯವಹಾರ ಮುಗಿಸಿದ್ದು 2024ರಲ್ಲಿ. ಮೂರೂವರೆ ವರ್ಷ.

ಸಹಾಯವೇ ಇರಲಿಲ್ಲ ಅಂತೇನಲ್ಲ. ಜಿ20 ದೇಶಗಳು 2020ರ ಮೇ ತಿಂಗಳಿಂದ 2021ರ ಕೊನೆಯವರೆಗೆ ಬಡ ದೇಶಗಳ ಸಾಲದ ಕಂತು ಮುಂದೂಡುವ ಯೋಜನೆ ತಂದವು. 73 ದೇಶಗಳಿಗೆ ಅರ್ಹತೆ ಇತ್ತು, ಸೇರಿದ್ದು 48. ಮುಂದೂಡಿದ ಮೊತ್ತ ಸುಮಾರು 1,290 ಕೋಟಿ ಡಾಲರ್. ಉಳಿದವರು ಯಾಕೆ ಸೇರಲಿಲ್ಲ? ಸೇರಿದರೆ ರೇಟಿಂಗ್ ಹೋಗುತ್ತದೆ ಅನ್ನುವ ಹೆದರಿಕೆ ಅವರಲ್ಲಿ ಹಲವರಿಗೆ. ಹೆದರಿಕೆ ಸುಳ್ಳೂ ಅಲ್ಲ. ಯೋಜನೆಗೆ ಬರುತ್ತೇವೆ ಅಂದ ಪಾಕಿಸ್ತಾನ, ಇಥಿಯೋಪಿಯಾದಂಥ ದೇಶಗಳನ್ನು ರೇಟಿಂಗ್ ಸಂಸ್ಥೆ ಮೂಡೀಸ್ ಮರುಪರಿಶೀಲನೆಗೆ ಹಾಕಿತ್ತು. 2021ರ ಜನವರಿಯಲ್ಲಿ ಸಾಲ ಮರುಹೊಂದಾಣಿಕೆ ಕೇಳುತ್ತೇವೆ ಅಂತ ಇಥಿಯೋಪಿಯಾ ಹೇಳಿದ್ದೇ ತಡ, ಅದರ ಬಾಂಡ್ ಕುಸಿಯಿತು. ನನಗೆ ಈ ಇಡೀ ಕತೆಯಲ್ಲಿ ಅತಿ ಕೆಟ್ಟದ್ದು ಅನಿಸುವುದು ಇದು. ಕಾಯಿಲೆ ಇದೆ ಅಂತ ಹೇಳಿಕೊಂಡವನಿಗೇ ದಂಡ. ಆಗ ಎಲ್ಲರೂ ಕೆಮ್ಮು ಅದುಮಿಕೊಂಡು ಕೂರುತ್ತಾರೆ.

ಇನ್ನು ಸಾಲ ಕೊಟ್ಟ ಖಾಸಗಿಯವರನ್ನೂ ಈ ಯೋಜನೆಗೆ ಬನ್ನಿ ಅಂತ ಕರೆದರು. ಹೆಚ್ಚುಕಡಿಮೆ ಯಾರೂ ಬರಲಿಲ್ಲ.

ಶ್ರೀಲಂಕಾ ಕೆಮ್ಮು ಅದುಮಿಕೊಂಡ ದೇಶ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

2018ರಲ್ಲಿ ಪ್ರವಾಸಿಗಳಿಂದ ಆ ದೇಶಕ್ಕೆ ಸುಮಾರು 440 ಕೋಟಿ ಡಾಲರ್ ಬಂದಿತ್ತು. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟಗಳ ನಂತರ ಅದು 360 ಕೋಟಿಗೆ ಇಳಿಯಿತು. 2020ರಲ್ಲಿ 70 ಕೋಟಿಯೂ ಇಲ್ಲ. ಇದರ ಮಧ್ಯೆ 2019ರ ಕೊನೆಗೆ ಹೊಸ ಸರ್ಕಾರ ವ್ಯಾಟ್ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ ಕೂತಿತ್ತು. ಅದಾಗಿ ಕೆಲವೇ ತಿಂಗಳಿಗೆ ವಿಮಾನ ನಿಲ್ದಾಣ ಮುಚ್ಚಿತು. ರೇಟಿಂಗ್ ಬಿತ್ತು, ಡಾಲರ್ ಸಾಲದ ಮಾರುಕಟ್ಟೆಯ ಬಾಗಿಲು 2020ರಲ್ಲೇ ಹಾಕಿಕೊಂಡಿತು. ಅಲ್ಲಿಂದ ಮುಂದೆ ಹಳೇ ಸಾಲ ತೀರಿಸಲು ಹೊಸ ಸಾಲ ಇಲ್ಲ, ಗಲ್ಲಾಪೆಟ್ಟಿಗೆಯ ಡಾಲರ್ ಒಂದೇ ಗತಿ. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ದಾಸ್ತಾನು, 2020ರ ಕೊನೆಗೆ 570 ಕೋಟಿ, 2021ರ ಕೊನೆಗೆ 310 ಕೋಟಿ.

2022ರ ಜನವರಿ 18ರಂದು 50 ಕೋಟಿ ಡಾಲರ್ ಬಾಂಡ್ ಒಂದರ ಗಡುವು ಇತ್ತು. ಕಟ್ಟಬೇಡಿ, ಈಗಲೇ ಸಾಲ ಕೊಟ್ಟವರ ಜೊತೆ ಕೂತು ಮಾತಾಡಿ, ಆ ಡಾಲರ್‌ನಲ್ಲಿ ಔಷಧ, ಇಂಧನ ತರಿಸಿ ಅಂತ ಅಲ್ಲಿನ ಹಲವು ಅರ್ಥಶಾಸ್ತ್ರಜ್ಞರು ಹೇಳಿದರು. ಸರ್ಕಾರ ಕಟ್ಟಿತು. ಮಾರ್ಚ್‌ಗೆ ಪಶ್ಚಿಮ ಪ್ರಾಂತ್ಯದ ಶಾಲೆಗಳ ಪರೀಕ್ಷೆ ಮುಂದಕ್ಕೆ ಹೋಯಿತು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಇಲ್ಲ, ಕಾಗದ ತರಿಸಲು ಡಾಲರ್ ಇಲ್ಲ. ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಅಂತ ಘೋಷಣೆ ಆಯಿತು. ಬಳಸಬಹುದಾದ ಡಾಲರ್ ಅಂತ ಆ ಹೊತ್ತಿಗೆ ಉಳಿದದ್ದು 5 ಕೋಟಿಯಷ್ಟೂ ಇಲ್ಲ ಅಂತ ಹಣಕಾಸು ಸಚಿವರೇ ಹೇಳಿದರು. ಒಂದೆರಡು ತಿಂಗಳಲ್ಲಿ ಡಾಲರ್‌ಗೆ 200 ಇದ್ದ ಶ್ರೀಲಂಕಾ ರೂಪಾಯಿ 360ಕ್ಕೆ ಹೋಯಿತು. ಸೆಪ್ಟೆಂಬರ್‌ಗೆ ಬೆಲೆಯೇರಿಕೆ ಶೇ 70ರ ಹತ್ತಿರ.

ಕೊರೊನಾ ಇಲ್ಲದಿದ್ದರೆ ಶ್ರೀಲಂಕಾ ಉಳಿಯುತ್ತಿತ್ತಾ? ತೆರಿಗೆ ಕಡಿತ, ಆಮೇಲೆ 2021ರಲ್ಲಿ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಷೇಧ, ಇವೆಲ್ಲ ತಾವೇ ಮಾಡಿಕೊಂಡದ್ದು. ಹಾಗಾಗಿ ಎಲ್ಲ ಪಾಪವನ್ನೂ ವೈರಸ್ ತಲೆಗೆ ಕಟ್ಟಲಾಗದು. ಆದರೆ ಒದ್ದಾಡಿಕೊಂಡು ಇನ್ನೊಂದಿಷ್ಟು ವರ್ಷ ತಳ್ಳುತ್ತಿದ್ದ ಗಾಡಿಯ ಚಕ್ರ ಕಳಚಿದ್ದು ಮಾತ್ರ ಕೊರೊನಾದಿಂದಲೇ.

ಅಪಾಯ ಒಂದು ದೇಶದಿಂದ ಇನ್ನೊಂದಕ್ಕೆ ದಾಟುವ ಬಗೆ ಇಲ್ಲಿ ಇನ್ನೊಂದಿದೆ. ನೆರೆಹೊರೆಯ ಕೈಸಾಲ. 2021ರಲ್ಲಿ ಬಾಂಗ್ಲಾದೇಶ ಶ್ರೀಲಂಕಾಗೆ 20 ಕೋಟಿ ಡಾಲರ್ ಕೊಟ್ಟಿತು. ಹೇಳಿದ ಹೊತ್ತಿಗೆ ವಾಪಸ್ ಬರಲಿಲ್ಲ, ಪೂರ್ತಿ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಬಾಂಗ್ಲಾದೇಶವೇ ಡಾಲರ್ ಕೊರತೆಯಾಗಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಹೋಗಿ 470 ಕೋಟಿ ಡಾಲರ್ ಕೇಳಿ ಪಡೆದಿತ್ತು. ಭಾರತ 2022ರಲ್ಲಿ ಶ್ರೀಲಂಕಾಗೆ ಕೊಟ್ಟ ನೆರವು ಎಲ್ಲ ಸೇರಿ ಸುಮಾರು 400 ಕೋಟಿ ಡಾಲರ್. ಡೀಸೆಲ್, ಅಕ್ಕಿ, ಔಷಧಕ್ಕೆ ಸಾಲ, ಬಾಕಿ ಮುಂದೂಡಿಕೆ, ಹೀಗೆ.

ನಮಗೆ ಯಾಕೆ ಏಟು ಕಡಿಮೆ ಬಿತ್ತು? ಭಾರತ ಸರ್ಕಾರದ ಸಾಲ ಬಹುಪಾಲು ರೂಪಾಯಿಯಲ್ಲಿದೆ. ಕೊಟ್ಟವರೂ ಇಲ್ಲಿನವರೇ, ನಮ್ಮ ಬ್ಯಾಂಕ್, ಎಲ್‌ಐಸಿ, ಪಿಎಫ್. ಜೊತೆಗೆ 2020ರ ಮಾರ್ಚ್ ಕೊನೆಗೆ ಆರ್‌ಬಿಐ ಹತ್ತಿರ 47,500 ಕೋಟಿ ಡಾಲರ್‌ಗೂ ಜಾಸ್ತಿ ವಿದೇಶಿ ವಿನಿಮಯ ಇತ್ತು. ಮೂಡೀಸ್ ಜೂನ್ 1ಕ್ಕೆ ನಮ್ಮ ರೇಟಿಂಗ್ ಇಳಿಸಿದಾಗಲೂ ಮಾರುಕಟ್ಟೆ ದೊಡ್ಡದಾಗಿ ಅಲುಗಲಿಲ್ಲ.

ಆದರೆ ದೇಶದೊಳಗೆ ಇದೇ ನಾಟಕದ ಸಣ್ಣ ಪ್ರದರ್ಶನ ನಡೆಯಿತು. 2020ರ ಏಪ್ರಿಲ್ 7ರಂದು ಕೇರಳ 15 ವರ್ಷದ ಸಾಲ ಎತ್ತಲು ಹೋದಾಗ ಶೇ 8.96 ಬಡ್ಡಿ ಕೊಡಬೇಕಾಯಿತು. ಕೇಂದ್ರಕ್ಕೆ ಹತ್ತು ವರ್ಷದ ಸಾಲ ಆಗ ಶೇ 6.5ರ ಆಸುಪಾಸಿನಲ್ಲಿ ಸಿಗುತ್ತಿತ್ತು. ಕರ್ನಾಟಕ ತನ್ನ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ಆ ವರ್ಷ ತಿದ್ದುಪಡಿ ತಂದು, ವರ್ಷಕ್ಕೆ ಎತ್ತುವ ಸಾಲದ ಮಿತಿಯನ್ನು ರಾಜ್ಯದ ಉತ್ಪನ್ನದ ಶೇ 3ರಿಂದ ಶೇ 5ಕ್ಕೆ ಏರಿಸಿಕೊಂಡಿತು. ಜಿಎಸ್‌ಟಿ ಪರಿಹಾರದ ದುಡ್ಡು ಬರದೆ ರಾಜ್ಯಗಳು ಕೂಗಾಡಿದ ಮೇಲೆ ಕೇಂದ್ರವೇ 1.1 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿ ರಾಜ್ಯಗಳಿಗೆ ಹಂಚಿತು. ಯುರೋಪ್ ಜುಲೈನಲ್ಲಿ ಮಾಡಿದ್ದೂ ಇದೇ ಥರದ ಕೆಲಸ. ಹೆಚ್ಚು ಬಲದವನ ಹೆಸರಲ್ಲಿ ಸಾಲ, ಕಡಿಮೆ ಬಲದವನ ಮನೆಗೆ ದುಡ್ಡು.

ಜಾಂಬಿಯಾಗೆ, ಶ್ರೀಲಂಕಾಗೆ ಅಂಥ ದೊಡ್ಡಣ್ಣ ಯಾರೂ ಇರಲಿಲ್ಲ. ಅಮೆರಿಕದ ಫೆಡರಲ್ ರಿಸರ್ವ್ ಮಾರ್ಚ್ 19ರಂದು ಬ್ರೆಜಿಲ್, ಮೆಕ್ಸಿಕೊ, ದಕ್ಷಿಣ ಕೊರಿಯಾ ಸೇರಿ ಒಂಬತ್ತು ಸೆಂಟ್ರಲ್ ಬ್ಯಾಂಕುಗಳಿಗೆ ಡಾಲರ್ ಎರವಲು ಕೊಡುವ ವ್ಯವಸ್ಥೆ ಮಾಡಿತು. ಆ ಪಟ್ಟಿಯಲ್ಲಿ ಆಫ್ರಿಕಾದ ಒಂದು ದೇಶವೂ ಇಲ್ಲ. ಐಎಂಎಫ್ 2021ರ ಆಗಸ್ಟ್‌ನಲ್ಲಿ 65,000 ಕೋಟಿ ಡಾಲರ್ ಮೌಲ್ಯದ ಮೀಸಲು ಹಂಚಿತು. ಹಂಚಿಕೆ ಪಾಲುದಾರಿಕೆಯ ಲೆಕ್ಕದಲ್ಲಿ. ಅರ್ಧಕ್ಕಿಂತ ಜಾಸ್ತಿ ಹೋದದ್ದು ಶ್ರೀಮಂತ ದೇಶಗಳಿಗೆ.

ಆಮೇಲೆ ಎರಡನೇ ಅಲೆ ಬಂತು, ಸಾಲದ್ದು. ಕೊರೊನಾ ಕಾಲದಲ್ಲಿ ಸುರಿದ ದುಡ್ಡು, ಕೆಟ್ಟುಹೋದ ಸರಕು ಸಾಗಣೆ, ಉಕ್ರೇನ್ ಯುದ್ಧ ಎಲ್ಲ ಸೇರಿ ಬೆಲೆ ಏರಿದಾಗ, ಫೆಡ್ 2022ರ ಮಾರ್ಚ್‌ನಿಂದ ಬಡ್ಡಿ ಏರಿಸುತ್ತಾ ಹೋಯಿತು. ಹೆಚ್ಚುಕಡಿಮೆ ಸೊನ್ನೆಯಿಂದ 2023ರ ಜುಲೈಗೆ ಶೇ 5.25-5.5ಕ್ಕೆ. ಅಮೆರಿಕದಲ್ಲೇ ಅಷ್ಟು ಸಿಗುವಾಗ ಯಾರು ಘಾನಾಗೆ ಸಾಲ ಕೊಡುತ್ತಾರೆ? 2022ರ ಡಿಸೆಂಬರ್‌ನಲ್ಲಿ ಘಾನಾ ಕಂತು ನಿಲ್ಲಿಸಿತು. ಮರುವರ್ಷದ ಡಿಸೆಂಬರ್‌ನಲ್ಲಿ ಇಥಿಯೋಪಿಯಾ. ಆ ಹೊತ್ತಿಗೆ ಜಗತ್ತು ಮಾಸ್ಕ್ ಬಿಸಾಡಿ ವರ್ಷ ಕಳೆದಿತ್ತು.

ಮುಂದಿನ ಸಲಕ್ಕೆ ಏನಾದರೂ ಕಲಿತಿದ್ದೇವಾ? ವಿಶ್ವಬ್ಯಾಂಕ್ 2017ರಲ್ಲೇ ಒಂದು ಪ್ರಯೋಗ ಮಾಡಿತ್ತು, ಪ್ಯಾಂಡೆಮಿಕ್ ಬಾಂಡ್ ಅಂತ. ರೋಗ ಹರಡಿದರೆ ಹೂಡಿಕೆದಾರರ ದುಡ್ಡು ಬಡ ದೇಶಗಳಿಗೆ ಹೋಗಬೇಕು. ಷರತ್ತುಗಳು ಎಷ್ಟಿದ್ದವು ಅಂದರೆ, ಇಷ್ಟು ದೇಶಕ್ಕೆ ಹರಡಿರಬೇಕು, ಇಷ್ಟು ಜನ ಸತ್ತಿರಬೇಕು, ಹನ್ನೆರಡು ವಾರ ಕಳೆದಿರಬೇಕು. ದುಡ್ಡು ಬಿಡುಗಡೆಯಾಗುವ ಹೊತ್ತಿಗೆ 2020ರ ಏಪ್ರಿಲ್ ಅರ್ಧ ದಾಟಿತ್ತು. ಸಿಕ್ಕ ಸುಮಾರು 19.6 ಕೋಟಿ ಡಾಲರನ್ನು 64 ದೇಶಗಳಿಗೆ ಹಂಚಿದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ನನಗೆ ಹೆಚ್ಚು ಕೆಲಸದ್ದು ಅನಿಸಿದ್ದು ಕೆರಿಬಿಯನ್ ದ್ವೀಪ ಬಾರ್ಬಡೋಸ್ ಹಿಡಿದ ದಾರಿ. ಮೂರು ಲಕ್ಷಕ್ಕೂ ಕಡಿಮೆ ಜನ ಇರುವ ದೇಶ, ಪ್ರವಾಸೋದ್ಯಮವೇ ಜೀವ. ಚಂಡಮಾರುತ ಬಂದರೆ ಸಾಲದ ಕಂತು ಮುಂದಕ್ಕೆ ಹಾಕಬಹುದು ಅನ್ನುವ ಷರತ್ತನ್ನು ಅದು ತನ್ನ ಬಾಂಡ್‌ಗಳಲ್ಲಿ ಮೊದಲೇ ಬರೆಸಿಕೊಂಡಿತ್ತು. 2022ರಲ್ಲಿ ಹೊಸ ಸಾಲ ಮಾಡುವಾಗ ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಿತು. ಸಾಂಕ್ರಾಮಿಕ ಬಂದರೂ ಹಾಗೆಯೇ. ಆಗ ಯಾರ ಕೈಕಾಲೂ ಹಿಡಿಯಬೇಕಿಲ್ಲ, ರೇಟಿಂಗ್ ಸಂಸ್ಥೆಯವರೂ ಇದನ್ನು ದಿವಾಳಿ ಅನ್ನುವಂತಿಲ್ಲ, ಕರಾರಿನಲ್ಲೇ ಇದೆ. ಜಾಂಬಿಯಾ ಬೇಡಿ ಬೇಡಿ ಸಿಗದೆ ಹೋದ ಆರು ತಿಂಗಳು, ಬಾರ್ಬಡೋಸ್‌ಗೆ ಕಾಗದದ ಮೇಲೆ ಮೊದಲೇ ಸಿಕ್ಕಿದೆ.